48 ಗಂಟೆಯಲ್ಲಿ ಬೀಟಾ ಎಚ್‌ಸಿಜಿ 1240ರಿಂದ 1560, ಸ್ಕ್ಯಾನಿನಲ್ಲಿ ಚೀಲ ಇಲ್ಲ: ಈ ರಿಪೋರ್ಟ್ ಹೇಗೆ ಓದೋದು?

ನರ್ಸಿಂಗ್_ಮಧುಗಿರಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಟ್ಯೂಬ್ ಪ್ರೆಗ್ನೆನ್ಸಿ (ಬಸಿರು ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ಕೂರುವುದು) ಅನುಮಾನ ಬಂದ ಕೂಡಲೇ ಬೀಟಾ ಎಚ್‌ಸಿಜಿ, ಅಂದರೆ ಬಸಿರಿನ ಹಾರ್ಮೋನಿನ ರಕ್ತ ಪರೀಕ್ಷೆ, ಬರೆದುಕೊಡುತ್ತಾರೆ. ರಿಪೋರ್ಟ್ ಕೈಗೆ ಬಂದಮೇಲೆ ಮನೆಯವರಿಗೆ ವಿವರಿಸುವ ಕೆಲಸ ನರ್ಸ್‌ಗಳ ಪಾಲಿಗೆ. ಹೀಗೊಂದು ಉದಾಹರಣೆ ಇಟ್ಟುಕೊಳ್ಳೋಣ:

ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಆರು ವಾರ. ಕಾರ್ಡಿನಲ್ಲಿ ಎರಡು ಗೆರೆ ಬಂದಿದೆ. ಸ್ವಲ್ಪ ಕಂದು ಸ್ರಾವ, ಎಡಗಡೆ ಕಿಬ್ಬೊಟ್ಟೆಯಲ್ಲಿ ಬಂದು ಹೋಗುವ ಸಣ್ಣ ನೋವು. ನಾಡಿ, ಬಿಪಿ ಚೆನ್ನಾಗಿವೆ. ಸೋಮವಾರ ಬೆಳಿಗ್ಗೆ 10ಕ್ಕೆ ತೆಗೆದ ರಕ್ತದಲ್ಲಿ 1240, ಬುಧವಾರ ಬೆಳಿಗ್ಗೆ 10ಕ್ಕೆ ತೆಗೆದದ್ದರಲ್ಲಿ 1560. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಗರ್ಭಕೋಶದೊಳಗೆ ಬಸಿರಿನ ಚೀಲ ಕಾಣಲಿಲ್ಲ, ಪಕ್ಕದ ನಾಳಗಳ ಜಾಗದಲ್ಲೂ ಏನೂ ಇಲ್ಲ.

ರಿಪೋರ್ಟಿನ ಕೆಳಗೆ ವಾರವಾರದ ಪಟ್ಟಿ ಇರುತ್ತದಲ್ಲ, ಅದರಲ್ಲಿ ಆರನೇ ವಾರಕ್ಕೆ 1080ರಿಂದ 56,500 ಅಂತ ಅಚ್ಚಾಗಿದೆ. ಮನೆಯವರು ಅದನ್ನು ತೋರಿಸಿ "ನಾರ್ಮಲ್ಲೇ ಐತಲ್ಲ ಮೇಡಂ, ಜಾಸ್ತೀನೂ ಆಗೈತೆ" ಅನ್ನುತ್ತಾರೆ. ಜಾಸ್ತಿ ಆಗಿರುವುದೂ ನಿಜ. ಈ ಎರಡು ಅಂಕಿಗಳಿಂದ ನಿಜಕ್ಕೂ ಏನು ಹೇಳಬಹುದು, ಏನು ಹೇಳಬಾರದು? ಮುಂದಿನ ಹೆಜ್ಜೆ ಏನು? ತಿಳಿದವರು ಬಿಡಿಸಿ ಬರೆಯಿರಿ.

ಪ್ರಸೂತಿ_ತುಮಕೂರು

ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಸಾವಿರದಿಂದ ಐವತ್ತಾರು ಸಾವಿರದವರೆಗೆ ಎಲ್ಲವೂ "ನಾರ್ಮಲ್" ಆದರೆ ಅದರಿಂದ ಯಾರಿಗೆ ಏನು ತಿಳಿದಂತಾಯಿತು? ಬಸಿರು ಎಲ್ಲಿ ಕೂತಿದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಅದನ್ನು ಅಚ್ಚು ಹಾಕದಿದ್ದರೇ ವಾಸಿ ಅಂತ ನನಗೆ ಅನ್ನಿಸುತ್ತದೆ.

ಎಚ್‌ಸಿಜಿ ಬರುವುದು ಮುಂದೆ ಮಾಸು ಆಗಬೇಕಾದ ಜೀವಕೋಶಗಳಿಂದ. ಆ ಕೋಶಗಳು ಗರ್ಭಕೋಶದಲ್ಲಿದ್ದರೂ ಸುರಿಸುತ್ತವೆ, ನಾಳದಲ್ಲಿದ್ದರೂ ಸುರಿಸುತ್ತವೆ. ಹಾಗಾಗಿ ಒಂದೇ ಒಂದು ಅಂಕಿ ನೋಡಿ "ಟ್ಯೂಬಲ್ಲಿದೆ", "ಇಲ್ಲ" ಅಂತ ಯಾರೂ ಹೇಳಲಾಗದು. ವ್ಯತ್ಯಾಸ ಕಾಣುವುದು ಏರುವ ವೇಗದಲ್ಲಿ. ನಾಳದ ಗೋಡೆ ತೆಳು, ಬೇರೂರುವುದಕ್ಕೆ ಜಾಗ ಸರಿಯಿಲ್ಲ, ರಕ್ತ ಪೂರೈಕೆಯೂ ಸಾಲದು. ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ, ಎಚ್‌ಸಿಜಿ ಕುಂಟುತ್ತಾ ಏರುತ್ತದೆ.

ಲೆಕ್ಕ ಹೀಗೆ: ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು, ಮೊದಲನೆಯದರಿಂದ ಭಾಗಿಸಿ, ನೂರರಿಂದ ಗುಣಿಸಿ. 1560ರಲ್ಲಿ 1240 ಹೋದರೆ 320, ಅಂದರೆ ಸುಮಾರು 26 ಶೇಕಡಾ ಏರಿಕೆ. "48 ಗಂಟೆಗೆ ಎರಡರಷ್ಟಾಗಬೇಕು" ಅನ್ನುವುದು ಹಳೆಯ ಮಾತು, ಈಗ ಅಷ್ಟು ಬಿಗಿ ಇಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2018ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 48 ಗಂಟೆಯಲ್ಲಿ ಕನಿಷ್ಠ ಏರಿಕೆ ಇಷ್ಟಿರಬೇಕು: ಮೊದಲ ಅಂಕಿ 1500ಕ್ಕಿಂತ ಕಡಿಮೆ ಇದ್ದರೆ 49 ಶೇಕಡಾ, 1500ರಿಂದ 3000 ಇದ್ದರೆ 40, ಅದಕ್ಕೂ ಮೇಲಿದ್ದರೆ 33. ಅಂಕಿ ದೊಡ್ಡದಾದಷ್ಟೂ ಏರುವ ವೇಗ ತಾನಾಗಿ ತಗ್ಗುತ್ತದೆ, ಅದಕ್ಕೇ ಮೂರು ಬೇರೆ ಗೆರೆ. ಆರೋಗ್ಯವಾಗಿರುವ ಬಸಿರಿನಲ್ಲಿ ನೂರಕ್ಕೆ 99 ಈ ಗೆರೆಯ ಮೇಲೇ ಇರುತ್ತವೆ.

ನಿಮ್ಮ ಉದಾಹರಣೆಯಲ್ಲಿ ಬುಧವಾರ ಕನಿಷ್ಠ 1850ರ ಹತ್ತಿರ ಬರಬೇಕಿತ್ತು, 1560 ಬಂದಿದೆ. ಆದ್ದರಿಂದ ಈ ಬಸಿರು ಸರಿಯಾಗಿ ಬೆಳೆಯುತ್ತಿಲ್ಲ ಅನ್ನಲು ಬಲವಾದ ಕಾರಣ ಇದೆ. ಅದು ಗರ್ಭಕೋಶದಲ್ಲೇ ಸೋತು ಹೋಗುತ್ತಿರುವ ಬಸಿರೋ ನಾಳದಲ್ಲಿರುವುದೋ ಅನ್ನುವುದು ಮಾತ್ರ ಇನ್ನೂ ಗೊತ್ತಿಲ್ಲ. ಮನೆಯವರಿಗೂ ಇಷ್ಟನ್ನೇ ಹೇಳಿ: "ಜಾಸ್ತಿ ಆಗಿದೆ, ಆದರೆ ಆಗಬೇಕಾದಷ್ಟು ಆಗಿಲ್ಲ. ಎಲ್ಲಿದೆ ಅನ್ನುವುದು ತಿಳಿಯುವವರೆಗೆ ಬಿಡುವ ಹಾಗಿಲ್ಲ."

ಇದಕ್ಕೆ ಉಲ್ಟಾ ಇರುವ ಬಲೆ ಹೆಚ್ಚು ಅಪಾಯದ್ದು. ಗೆರೆ ದಾಟಿ ಚೆನ್ನಾಗಿ ಏರಿತು ಅಂದ ಮಾತ್ರಕ್ಕೆ ನಾಳದಲ್ಲಿಲ್ಲ ಅಂತಲ್ಲ. ನಾಳದ ಬಸಿರುಗಳಲ್ಲಿ ಸುಮಾರು ಐದರಲ್ಲಿ ಒಂದು ಮಾಮೂಲಿ ಬಸಿರಿನ ವೇಗದಲ್ಲೇ ಏರುತ್ತದೆ. ಕೆಲವು ಗರ್ಭಪಾತದ ಹಾಗೆ ಇಳಿಯುತ್ತವೆ ಕೂಡ. ಗರ್ಭಕೋಶದೊಳಗೆ ಚೀಲ, ಅದರಲ್ಲಿ ಯೋಕ್ ಸ್ಯಾಕ್ (ಭ್ರೂಣಕ್ಕೆ ಅಂಟಿದ ಪುಟ್ಟ ಉಂಗುರದಂಥ ಚೀಲ) ಕಣ್ಣಾರೆ ಕಾಣುವವರೆಗೆ ಅನುಮಾನ ಬಿಡಬೇಡಿ. ಬರೀ ಚೀಲದ ಹಾಗೆ ಕಾಣುವ ನೀರಿನ ಗುಳ್ಳೆಯನ್ನು ನಂಬಬೇಡಿ. ಬಸಿರು ನಾಳದಲ್ಲಿದ್ದಾಗಲೂ ಗರ್ಭಕೋಶದ ನಡುವೆ ಅಂಥ ಸುಳ್ಳು ಚೀಲ ಕಾಣುವುದುಂಟು.

ಎಚ್‌ಸಿಜಿ ಎಷ್ಟಾದರೆ ಸ್ಕ್ಯಾನಿನಲ್ಲಿ ಚೀಲ ಕಾಣಲೇಬೇಕು? ಹಿಂದೆ 1500ರಿಂದ 2000 ಅನ್ನುತ್ತಿದ್ದರು. ಅವಳಿ ಬಸಿರಿನಲ್ಲಿ ಅಂಕಿ ಜಾಸ್ತಿ ಇರುತ್ತದೆ, ಚೀಲಗಳು ಇನ್ನೂ ಸಣ್ಣವಿರುತ್ತವೆ. ಆ ಗೆರೆ ನಂಬಿ ಒಳ್ಳೆಯ ಬಸಿರಿಗೆ ಮೆಥೊಟ್ರೆಕ್ಸೇಟ್ (ಬಸಿರಿನ ಕೋಶಗಳ ಬೆಳವಣಿಗೆ ನಿಲ್ಲಿಸುವ ಔಷಧಿ) ಇಂಜೆಕ್ಷನ್ ಕೊಟ್ಟುಬಿಡುವ ಭಯ ಇರುವುದರಿಂದ ಈಗ 3500ರವರೆಗೆ ತಡೆಯಿರಿ ಅನ್ನುತ್ತಾರೆ. ಇದು ಒಳಗಿನಿಂದ ಮಾಡುವ ಸ್ಕ್ಯಾನಿನ ಮಾತು. ಹೊಟ್ಟೆಯ ಮೇಲಿಂದ ಮಾಡಿದರೆ 6000 ದಾಟಿದ ಮೇಲಷ್ಟೇ ಹಾಗೆ ಹೇಳಬಹುದು. "1500 ಆಗಲಿ, ಆಮೇಲೆ ಸ್ಕ್ಯಾನ್ ಮಾಡೋಣ" ಅನ್ನುವವರೂ ಇದ್ದಾರೆ, ಅದು ಶುದ್ಧ ತಪ್ಪು. 500 ಇದ್ದಾಗಲೂ ನಾಳದ ಗಡ್ಡೆಯೋ ಹೊಟ್ಟೆಯೊಳಗಿನ ರಕ್ತವೋ ಕಾಣಬಹುದು. ಅನುಮಾನ ಬಂದ ದಿನವೇ ಸ್ಕ್ಯಾನ್ ಆಗಬೇಕು.

ಈ ಕೇಸಿನಲ್ಲಿ ನೋವು ಕಡಿಮೆ ಇದ್ದು, ನಾಡಿ, ಬಿಪಿ ನಿಂತಿದ್ದರೆ ಶುಕ್ರವಾರ ಬೆಳಿಗ್ಗೆ 10ಕ್ಕೆ ಮೂರನೇ ರಕ್ತ, ಜೊತೆಗೆ ಇನ್ನೊಂದು ಸ್ಕ್ಯಾನ್. ಆಗಲೂ ಏರಿಕೆ ಹೀಗೇ ಕುಂಟುತ್ತಿದ್ದರೆ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ, ಗರ್ಭಕೋಶವನ್ನು ಸಕ್ಷನ್ ಮಾಡಿ ಬಂದದ್ದನ್ನು ಪರೀಕ್ಷಿಸುವ ದಾರಿ ಇದೆ. ವಿಲ್ಲೈ (ಮಾಸಿನ ಎಳೆಗಳು) ಸಿಕ್ಕರೆ ಬಸಿರು ಒಳಗಿತ್ತು ಅಂತಾಯಿತು. ಸಿಗದಿದ್ದರೆ 12ರಿಂದ 24 ಗಂಟೆಯಲ್ಲಿ ಎಚ್‌ಸಿಜಿ ಮತ್ತೆ ನೋಡಿ: ಅರ್ಧಕ್ಕರ್ಧ ಇಳಿದಿದ್ದರೆ ಬಹುಶಃ ಒಳಗಿದ್ದದ್ದೇ ಹೋಗಿದೆ, ಅಲ್ಲೇ ನಿಂತಿದ್ದರೆ ಅಥವಾ ಏರಿದ್ದರೆ ಹೊರಗಿರಬಹುದು, ಇಲ್ಲವೇ ಒಳಗಿನದ್ದು ಪೂರ್ತಿ ಬಂದಿಲ್ಲದಿರಬಹುದು. ಬ್ರಿಟನ್ನಿನ ನೈಸ್ (ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಸರ್ಕಾರಿ ಸಂಸ್ಥೆ) ಮಾರ್ಗಸೂಚಿಯಲ್ಲಿ ಅಂಕಿಗಳು ಬೇರೆ. ಅಲ್ಲಿ 48 ಗಂಟೆಯಲ್ಲಿ 63 ಶೇಕಡಾಕ್ಕಿಂತ ಹೆಚ್ಚು ಏರಿದರೆ ಬಹುಶಃ ಒಳಗಿನ ಬಸಿರು, 50ಕ್ಕಿಂತ ಹೆಚ್ಚು ಇಳಿದರೆ ಬಹುಶಃ ಮುಗಿದ ಬಸಿರು, ನಡುವಿನದ್ದೆಲ್ಲ 24 ಗಂಟೆಯೊಳಗೆ ತಜ್ಞರ ಕೈಗೆ ಹೋಗಬೇಕು. ಯಾವುದನ್ನು ಹಿಡಿದರೂ 26 ಶೇಕಡಾ ನೆಮ್ಮದಿ ಕೊಡುವ ಅಂಕಿಯಲ್ಲ.

ಲ್ಯಾಬ್_ಶಿರಾ

ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಎರಡೂ ಅಂಕಿ ನೆಟ್ಟಗಿದ್ದರೆ ತಾನೇ ಲೆಕ್ಕ? ಲ್ಯಾಬ್ ಕಡೆ ಎಡವಟ್ಟಾಗೋ ಜಾಗಗಳು ಇವು.

ಮೊದಲನೇದು ಸಮಯ. ರಿಪೋರ್ಟಿನಲ್ಲಿ ಎರಡು ಹೊತ್ತು ಇರುತ್ತೆ, ರಕ್ತ ತೆಗೆದದ್ದು ಮತ್ತು ರಿಪೋರ್ಟ್ ಆದದ್ದು. ಊರಲ್ಲಿ ತೆಗೆದ ಸ್ಯಾಂಪಲ್ ತುಮಕೂರಿಗೋ ಬೆಂಗಳೂರಿಗೋ ಹೋಗಿ ರಿಪೋರ್ಟ್ ಬರೋ ಹೊತ್ತಿಗೆ ಅರ್ಧ ದಿನ ಆಚೀಚೆ ಆಗಿರುತ್ತೆ. ಲೆಕ್ಕಕ್ಕೆ ಬೇಕಾದ್ದು ರಕ್ತ ತೆಗೆದ ಹೊತ್ತು ಮಾತ್ರ. ಸೋಮವಾರ ಬೆಳಿಗ್ಗೆ 10ಕ್ಕೆ 1240 ಇದ್ದದ್ದು ಬುಧವಾರ ರಾತ್ರಿ 10ಕ್ಕೆ 1960 ಬಂತು ಅಂದ್ಕೊಳ್ಳಿ. ಹಾಗೇ ನೋಡಿದ್ರೆ 58 ಶೇಕಡಾ, ಸಲೀಸಾಗಿ ಪಾಸು. ಆದರೆ ಅದು 60 ಗಂಟೆ. ಎರಡನೇ ಅಂಕಿಯನ್ನ ಮೊದಲನೇದರಿಂದ ಭಾಗಿಸಿದ್ರೆ 1.58. ಫೋನಿನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಅದರ ಘಾತ 48 ಭಾಗ 60, ಅಂದ್ರೆ 0.8 ಹಾಕಿ. 1.44 ಬರುತ್ತೆ, 44 ಶೇಕಡಾ. 49ರ ಗೆರೆಯಿಂದ ಕೆಳಗೆ! ಹನ್ನೆರಡು ಗಂಟೆ ವ್ಯತ್ಯಾಸಕ್ಕೆ ರಿಪೋರ್ಟಿನ ಅರ್ಥವೇ ತಿರುಗಿಬಿತ್ತು.

ಎರಡನೇದು, ಎರಡೂ ಸ್ಯಾಂಪಲ್ ಒಂದೇ ಲ್ಯಾಬ್, ಒಂದೇ ಮೆಷಿನ್. ಬೇರೆ ಬೇರೆ ಕಂಪನಿಯ ಕಿಟ್‌ಗಳು ಎಚ್‌ಸಿಜಿಯ ತುಣುಕುಗಳನ್ನ ಬೇರೆ ಬೇರೆ ಥರ ಹಿಡಿಯುತ್ತವೆ. ಒಂದೇ ರಕ್ತ ಎರಡು ಕಡೆ ಕೊಟ್ಟರೂ ಅಂಕಿ ಒಂದೇ ಬರಬೇಕಿಲ್ಲ. ಮೊದಲನೇದು ಶಿರಾದಲ್ಲಿ, ಎರಡನೇದು ತುಮಕೂರಲ್ಲಿ ಮಾಡಿಸಿದ್ರೆ ಆ ಶೇಕಡಾವಾರು ಲೆಕ್ಕಕ್ಕೆ ಬೆಲೆ ಇಲ್ಲ, ಹೊಸದಾಗಿ ಶುರು ಮಾಡಬೇಕು. ಎಂಐಯು ಪ್ರತಿ ಎಂಎಲ್, ಐಯು ಪ್ರತಿ ಲೀಟರ್ ಅಂತ ಎರಡು ಥರ ಅಚ್ಚಾಗಿದ್ರೆ ಗಾಬರಿ ಬೇಡ, ಎರಡೂ ಒಂದೇ.

ಮೂರನೇದು ಟೆಸ್ಟಿನ ಹೆಸರು. ಚೀಟಿಯಲ್ಲಿ "ಫ್ರೀ ಬೀಟಾ" ಅಂತ ಬಿದ್ದುಬಿಟ್ರೆ ಬರೋದು ಬೇರೆಯೇ ಟೆಸ್ಟ್. ಅದು ಮೂರನೇ ತಿಂಗಳಲ್ಲಿ ಮಾಡೋ ಡ್ಯುಯಲ್ ಮಾರ್ಕರಿನ ಭಾಗ, ಮಗುವಿನ ಕ್ರೋಮೋಸೋಮ್ ದೋಷದ ಸ್ಕ್ರೀನಿಂಗ್‌ಗೆ. ಇಲ್ಲಿ ಬೇಕಾದ್ದು ಸೀರಮ್ ಟೋಟಲ್ ಬೀಟಾ ಎಚ್‌ಸಿಜಿ, ಅಂಕಿ ಕೊಡೋ ಟೆಸ್ಟ್. ಪಾಸಿಟಿವ್, ನೆಗೆಟಿವ್ ಅಂತ ಮಾತ್ರ ಹೇಳೋ ಕಾರ್ಡ್ ಅಲ್ಲ.

ಸ್ಯಾಂಪಲ್‌ಗೆ ಉಪವಾಸ ಬೇಡ. ಹಳದಿ ಮುಚ್ಚಳದ ಜೆಲ್ ಟ್ಯೂಬ್ ಅಥವಾ ಕೆಂಪು ಮುಚ್ಚಳ, 3 ಎಂಎಲ್ ಸಾಕು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜ್ ಮಾಡಿ ಸೀರಮ್ ಬೇರ್ಪಡಿಸಿ. ದೂರ ಹೋಗೋದಾದ್ರೆ 2ರಿಂದ 8 ಡಿಗ್ರಿ. ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಐಸ್ ಪ್ಯಾಕ್ ಇಲ್ಲದೆ ಕಳಿಸಬೇಡಿ.

ಇನ್ನು ಮೆಷಿನ್ನೇ ಮೋಸ ಹೋಗೋ ಸಂದರ್ಭಗಳು. ಕೂದಲು ಉದುರೋದಕ್ಕೆ ಅಂತ 5, 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ತಗೊಳ್ಳೋರು ಈಗ ಬಹಳ. ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಬಳಸೋ ಕಿಟ್‌ಗಳಲ್ಲಿ ಎಚ್‌ಸಿಜಿ ಇರೋದಕ್ಕಿಂತ ಕಡಿಮೆ ತೋರಿಸಬಹುದು, ಅದಕ್ಕೇ ಕೇಳಿ ಬರ್ಕೊಳ್ಳಿ. ಇನ್ನೊಂದು, ಕೆಲವರ ರಕ್ತದಲ್ಲಿರೋ, ಕಿಟ್ಟಿಗೇ ಅಂಟಿಕೊಂಡು ಸುಳ್ಳು ಅಂಕಿ ಕೊಡೋ ಹೆಟೆರೋಫೈಲ್ ಆಂಟಿಬಾಡಿಯಿಂದ ಬಸಿರಿಲ್ಲದಿದ್ರೂ ಅಂಕಿ ಬರುತ್ತೆ. ಈ ಆಂಟಿಬಾಡಿ ದೊಡ್ಡ ಅಣು, ಮೂತ್ರಕ್ಕೆ ಇಳಿಯಲ್ಲ. ರಕ್ತದಲ್ಲಿ ನೂರಾರು ತೋರಿಸಿ, ಅದೇ ಹೊತ್ತಿನ ಮೂತ್ರದ ಕಾರ್ಡ್ ನೆಗೆಟಿವ್ ಬಂದ್ರೆ ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೆ ಹಾಕಿ. ಎರಡರಷ್ಟು ತೆಳು ಮಾಡಿದ್ರೆ ಅಂಕಿ ಅರ್ಧ ಆಗಬೇಕು. ಆಗದಿದ್ರೆ ಮೆಷಿನ್ ಅಳೀತಿರೋದು ಎಚ್‌ಸಿಜಿ ಅಲ್ಲ.

ನರ್ಸಿಂಗ್_ಮಧುಗಿರಿ

60 ಗಂಟೆಯ ಲೆಕ್ಕ ಕಣ್ಣು ತೆರೆಸಿತು ಸರ್. ಇನ್ನೆರಡು ಪ್ರಶ್ನೆ. ಕೆಲವರು ಜೊತೆಗೆ ಪ್ರೊಜೆಸ್ಟೆರಾನ್ ಕೂಡ ಬರೆಯುತ್ತಾರೆ, ಅದರಿಂದ ಏನು ಉಪಯೋಗ? ಎಚ್‌ಸಿಜಿ 200, 300 ಇದ್ದರೆ "ಇಷ್ಟು ಕಡಿಮೆ ಇರುವಾಗ ಒಡೆಯೋದಿಲ್ಲ ಬಿಡಿ" ಅನ್ನುವುದೂ ಕಿವಿಗೆ ಬೀಳುತ್ತದೆ. ಅದು ನಿಜವೇ?

ಪ್ರಸೂತಿ_ತುಮಕೂರು

ಎರಡನೆಯದಕ್ಕೆ ಮೊದಲು ಉತ್ತರ: ಸುಳ್ಳು. ಎಚ್‌ಸಿಜಿ ನೂರರ ಒಳಗಿದ್ದಾಗಲೂ ನಾಳ ಒಡೆದದ್ದು ದಾಖಲಾಗಿದೆ, ಇಳಿಯುತ್ತಿದ್ದಾಗಲೂ ಒಡೆದದ್ದಿದೆ. ಒಡೆಯುವುದನ್ನು ಅಂಕಿ ಮುಂಚಿತವಾಗಿ ಹೇಳುವುದಿಲ್ಲ. ನಾಳದ ಯಾವ ಭಾಗದಲ್ಲಿ ಕೂತಿದೆ, ಗೋಡೆಯನ್ನು ಎಷ್ಟು ಕೊರೆದಿದೆ ಅನ್ನುವುದು ಅದನ್ನು ತೀರ್ಮಾನಿಸುತ್ತದೆ.

ಪ್ರೊಜೆಸ್ಟೆರಾನ್ ಒಂದೇ ರಕ್ತದಲ್ಲಿ ಸಿಗುವ ಸುಳಿವು, ಅಷ್ಟೇ. ಎಂಎಲ್‌ಗೆ 5 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಬಸಿರು ಉಳಿಯುವ ಸಂಭವ ತೀರಾ ಕಡಿಮೆ, 20 ದಾಟಿದ್ದರೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಜಾಗ ಮಾತ್ರ ಇದೂ ಹೇಳುವುದಿಲ್ಲ. ನಾಳದ ಬಸಿರುಗಳ ಪ್ರೊಜೆಸ್ಟೆರಾನ್ ಬಹುಪಾಲು ಈ ಎರಡರ ನಡುವೆ ಬಂದು ಕೂರುತ್ತದೆ. ಇನ್ನೊಂದು ತೊಡಕು ನಮ್ಮಲ್ಲಿ ಜಾಸ್ತಿ: ಸ್ವಲ್ಪ ಸ್ರಾವ ಕಂಡ ಕೂಡಲೇ ಪ್ರೊಜೆಸ್ಟೆರಾನ್ ಇಂಜೆಕ್ಷನ್ ಅಥವಾ ಒಳಗಿಡುವ ಮಾತ್ರೆ ಶುರುವಾಗಿರುತ್ತದೆ. ಆಮೇಲೆ ಅಳೆದರೆ ಔಷಧಿಯನ್ನೇ ಅಳೆದಂತಾಗುತ್ತದೆ. ಬಂಜೆತನದ ಚಿಕಿತ್ಸೆಯಲ್ಲಿ ಅಂಡ ಬಿಡುಗಡೆಗೆ ಕೊಡುವ 5000 ಅಥವಾ 10,000 ಯೂನಿಟ್ ಎಚ್‌ಸಿಜಿ ಇಂಜೆಕ್ಷನ್ ಕೂಡ ಹಾಗೇ, 10ರಿಂದ 14 ದಿನ ರಕ್ತದಲ್ಲಿ ಉಳಿಯಬಹುದು. ಇಂಜೆಕ್ಷನ್ ಕೊಟ್ಟ ತಾರೀಖು ಕೇಳದೆ ಅಂಕಿ ಓದಬೇಡಿ.

ಪಿಎಚ್‌ಸಿ_ಪಾವಗಡ

ಇಲ್ಲಿಂದ ಜಿಲ್ಲಾಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್. ಹಾಗಾಗಿ ಯಾರನ್ನು 48 ಗಂಟೆ ಕಾಯಿಸಬಹುದು, ಯಾರನ್ನು ಈಗಲೇ ಹೊರಡಿಸಬೇಕು ಅನ್ನೋದೇ ದೊಡ್ಡ ವಿಷಯ.

ಹೆಗಲ ತುದಿಯಲ್ಲಿ ನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಮೂರ್ಛೆ, ಹೊಟ್ಟೆ ಮುಟ್ಟಿದರೆ ಬಿಗಿ, ಮಲವಿಸರ್ಜನೆಗೆ ಹೋಗಬೇಕು ಅನ್ನಿಸುವ ಒತ್ತಡ: ಇವುಗಳಲ್ಲಿ ಒಂದಿದ್ದರೂ ಎಚ್‌ಸಿಜಿ ಕಳಿಸಿ ಕೂರಬಾರದು. ಕಾರ್ಡ್ ಟೆಸ್ಟ್ ಪಾಸಿಟಿವ್ ಇದ್ದರೆ ಅಷ್ಟೇ ಸಾಕು. 16 ಅಥವಾ 18 ನಂಬರಿನ ಎರಡು ಸೂಜಿ ಹಾಕಿ, ಡ್ರಿಪ್ ಶುರು ಮಾಡಿ, ರಕ್ತದ ಗುಂಪಿಗೆ ಸ್ಯಾಂಪಲ್ ತೆಗೆದು ಜೊತೆಗೇ ಕೊಟ್ಟು 108ರಲ್ಲಿ ಹೊರಡಿಸಿ, ಅತ್ತ ಫೋನ್ ಮಾಡಿ ರಕ್ತ ಸಿದ್ಧ ಇಡಲು ಹೇಳಿ. ಹರೆಯದ ಹೆಣ್ಣುಮಕ್ಕಳಲ್ಲಿ ಸಾಕಷ್ಟು ರಕ್ತ ಒಳಗೆ ಸೋರಿದರೂ ಬಿಪಿ ನಿಂತಿರುತ್ತೆ, ಹಿಮೋಗ್ಲೋಬಿನ್ ಕೂಡ ಮೊದಲು ಇಳಿಯಲ್ಲ. ಎಚ್‌ಬಿ 11 ಇದೆ ಅಂತ ಸಮಾಧಾನ ಪಡಬೇಡಿ.

ಆಶಾ ಕಾರ್ಯಕರ್ತೆಯರಿಗೆ ಎರಡು ಮಾತು ಹೇಳಿಡಿ. ಒಂದು, ಸಂತಾನಹರಣ ಆಪರೇಷನ್ ಆದವರು ಮುಟ್ಟು ತಪ್ಪಿದೆ ಅಂದರೆ "ನಿಮಗೆಲ್ಲಿ ಬಸಿರು" ಅಂತ ನಕ್ಕು ಕಳಿಸೋದು ಬೇಡ. ಆಪರೇಷನ್ ಆದಮೇಲೆ ಬಸಿರಾಗೋದು ಅಪರೂಪ, ಆದರೆ ಹಾಗೇನಾದರೂ ಆದಾಗ ಸುಮಾರು ಮೂರರಲ್ಲಿ ಒಂದು ನಾಳದಲ್ಲೇ. ವಂಕಿ (ಕಾಪರ್-ಟಿ) ಹಾಕಿಸಿಕೊಂಡವರಿಗೂ ಇದೇ ಎಚ್ಚರ. ನಿಶ್ಚಯ್ ಕಿಟ್ (ಮೂತ್ರದಲ್ಲಿ ಬಸಿರು ನೋಡೋ ಕಾರ್ಡ್) ಕೈಯಲ್ಲೇ ಇರುತ್ತೆ, ಹಾಕಿ ನೋಡಲಿ. ಕಾರ್ಡ್ ಹಿಡಿಯೋದು ಎಚ್‌ಸಿಜಿ 25ರ ಆಸುಪಾಸಿನಿಂದ ಮೇಲೆ ಇದ್ದಾಗ. ಮೂತ್ರ ನೀರಾಗಿದ್ದರೆ ಗೆರೆ ತೆಳುವಾಗುತ್ತೆ, ಬೆಳಗಿನ ಮೊದಲ ಮೂತ್ರ ಒಳ್ಳೇದು. ಗೆರೆ ಮಾಸಲಾಗಿದ್ದರೂ ಅದು ಗೆರೆಯೇ.

ಇನ್ನೊಂದು, ಮೆಡಿಕಲ್ ಸ್ಟೋರಿನಿಂದ ಗರ್ಭಪಾತದ ಕಿಟ್ ತಂದು ನುಂಗಿರುವವರು. ಆ ಮಾತ್ರೆಯಿಂದ ನಾಳದ ಬಸಿರು ಹೋಗಲ್ಲ. ಆದರೂ ಗರ್ಭಕೋಶದ ಒಳಪದರ ಉದುರಿ ರಕ್ತ ಹೋಗುತ್ತೆ, "ಆಯ್ತು, ಕ್ಲೀನ್ ಆಯ್ತು" ಅಂದುಕೊಂಡು ಸುಮ್ಮನಾಗ್ತಾರೆ. ಹತ್ತು ಹದಿನೈದು ದಿನಕ್ಕೆ ಕುಸಿದು ಬೀಳ್ತಾರೆ. ಮಾತ್ರೆ ನುಂಗಿದ ಮೇಲೆ ಹೊಟ್ಟೆನೋವು ಒಂದೇ ಕಡೆ ಉಳಿದಿದ್ದರೆ ಎಚ್‌ಸಿಜಿ, ಸ್ಕ್ಯಾನ್ ಎರಡೂ ಆಗಲೇಬೇಕು. ಮಾತ್ರೆ ತಗೊಂಡಿದ್ದನ್ನ ಅತ್ತೆ, ಗಂಡನ ಎದುರು ಒಪ್ಪಲ್ಲ. ಒಬ್ಬರೇ ಇದ್ದಾಗ ಕೇಳಿ.

ಪ್ರಸೂತಿ_ತುಮಕೂರು

ಪಾವಗಡದವರು ಬರೆದದ್ದರ ಒಂದೊಂದು ಸಾಲೂ ಮುಖ್ಯ. ಇನ್ನು ಟ್ಯೂಬ್ ಪ್ರೆಗ್ನೆನ್ಸಿ ಅಂತ ಖಚಿತವಾಗಿ, ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟ ಮೇಲೂ ಇದೇ ಎಚ್‌ಸಿಜಿಯ ಮೇಲೆ ಎಲ್ಲ ನಿಂತಿದೆ, ಅಲ್ಲೂ ದಿನ ಎಣಿಸುವುದರಲ್ಲಿ ತಪ್ಪಾಗುತ್ತದೆ.

ಒಂದೇ ಡೋಸಿನ ಪದ್ಧತಿಯಲ್ಲಿ ದೇಹದ ಮೇಲ್ಮೈಯ ಚದರ ಮೀಟರಿಗೆ 50 ಮಿಲಿಗ್ರಾಂ, ಸ್ನಾಯುವಿಗೆ. ಕೊಡುವ ಮೊದಲು ಸಿಬಿಸಿ, ಲಿವರ್, ಕ್ರಿಯೇಟಿನಿನ್, ರಕ್ತದ ಗುಂಪು. ನೆಗೆಟಿವ್ ಗುಂಪಾದರೆ ಆಂಟಿ-ಡಿ (ಮುಂದಿನ ಬಸಿರಿಗೆ ರಕ್ತದ ಗುಂಪಿನ ತೊಂದರೆ ಬಾರದಂತೆ ಕೊಡುವ ಇಂಜೆಕ್ಷನ್) ಮರೆಯಬೇಡಿ. ಹಾಲೂಡಿಸುತ್ತಿರುವವರಿಗೆ, ನಾಳದಲ್ಲಿ ಹೃದಯ ಬಡಿತ ಕಂಡವರಿಗೆ, ಎಚ್‌ಸಿಜಿ 5000 ದಾಟಿದವರಿಗೆ ಸಾಮಾನ್ಯವಾಗಿ ಇದು ಸರಿಹೋಗುವುದಿಲ್ಲ. ಮನೆ ದೂರ, ಮತ್ತೆ ಮತ್ತೆ ಬರಲಾಗುವುದಿಲ್ಲ ಅನ್ನುವವರಿಗೂ ಆಪರೇಷನ್ನೇ ಕ್ಷೇಮ. ಇದನ್ನು ಮೊದಲೇ ಮುಚ್ಚುಮರೆ ಇಲ್ಲದೆ ಕೇಳಬೇಕು.

ಇಂಜೆಕ್ಷನ್ ಕೊಟ್ಟ ದಿನವೇ ಒಂದನೇ ದಿನ. ಸೋಮವಾರ ಕೊಟ್ಟರೆ ನಾಲ್ಕನೇ ದಿನ ಗುರುವಾರ, ಏಳನೇ ದಿನ ಭಾನುವಾರ. ಭಾನುವಾರ ಲ್ಯಾಬ್ ಮುಚ್ಚಿರುತ್ತದೆಯೇ ಅಂತ ಇಂಜೆಕ್ಷನ್ ಕೊಡುವ ಮೊದಲೇ ವಿಚಾರಿಸಿ. ನಾಲ್ಕನೇ ದಿನ ಎಚ್‌ಸಿಜಿ ಏರಿರಬಹುದು, ಕೋಶಗಳು ಒಡೆದು ಒಳಗಿದ್ದದ್ದು ಹೊರಬರುತ್ತದೆ. ಅದನ್ನು ನೋಡಿ ಔಷಧಿ ಕೆಲಸ ಮಾಡಿಲ್ಲ ಅನ್ನುವ ಹಾಗಿಲ್ಲ. ಹೋಲಿಸಬೇಕಾದದ್ದು ನಾಲ್ಕು ಮತ್ತು ಏಳನೇ ದಿನವನ್ನು. 2100 ಇದ್ದದ್ದು 1700ಕ್ಕೆ ಬಂದರೆ 19 ಶೇಕಡಾ ಇಳಿದಂತೆ, ಸಾಕು. 15ಕ್ಕಿಂತ ಕಡಿಮೆ ಇಳಿದಿದ್ದರೆ ಇನ್ನೊಂದು ಡೋಸ್ ಅಥವಾ ಆಪರೇಷನ್. ಸರಿಯಾಗಿ ಇಳಿದವರೂ ವಾರಕ್ಕೊಮ್ಮೆ ರಕ್ತ ಕೊಡಬೇಕು, ನೆಗೆಟಿವ್ ಆಗುವವರೆಗೆ. ನಾಳ ಉಳಿಸಿ ಬಸಿರನ್ನು ಮಾತ್ರ ತೆಗೆದ ಆಪರೇಷನ್ ಆದವರಿಗೂ ಇದೇ ವಾರದ ಪರೀಕ್ಷೆ ಬೇಕು, ಕೆಲವು ಕೋಶ ಉಳಿದು ಮತ್ತೆ ಬೆಳೆಯಬಹುದು.

ಇಂಜೆಕ್ಷನ್ ಆದಮೇಲೆ ಫೋಲಿಕ್ ಆಸಿಡ್ ನಿಲ್ಲಿಸಿ. "ಬಸುರಿ ಮಾತ್ರೆ" ಅಂತ ಮನೆಯಲ್ಲಿ ಉಳಿದಿರುವ ಐರನ್ ಮಾತ್ರೆಯಲ್ಲೂ ಅದು ಇರುತ್ತದೆ, ಬಿಡಿಸಿ ಹೇಳಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಮೂರರಿಂದ ಏಳನೇ ದಿನದ ನಡುವೆ ಸ್ವಲ್ಪ ಹೊಟ್ಟೆನೋವು ಬರುವುದು ಸಹಜ, ಆದರೆ ಅದು ಸಹಜದ್ದೋ ಒಡೆದದ್ದೋ ಅಂತ ಫೋನಿನಲ್ಲಿ ತೀರ್ಮಾನಿಸಬೇಡಿ, ಕರೆಸಿ ನಾಡಿ, ಬಿಪಿ, ಸ್ಕ್ಯಾನ್ ನೋಡಿ. ಮುಂದಿನ ಬಸಿರಿಗೆ ಮೂರು ತಿಂಗಳು ಬಿಡುವು.

ಲ್ಯಾಬ್_ಶಿರಾ

ಭಾನುವಾರದ ವಿಷಯಕ್ಕೆ: ರಕ್ತ ಭಾನುವಾರ ತೆಗೆದು ಸೀರಮ್ ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ರೆ ಸೋಮವಾರ ಮೆಷಿನ್‌ಗೆ ಹಾಕಬಹುದು, ಅಂಕಿ ಕೆಡಲ್ಲ. ಟ್ಯೂಬ್ ಮೇಲೆ ತೆಗೆದ ತಾರೀಖು, ಗಂಟೆ ಬರೆದು ಅಂಟಿಸಿ. ಕಂಪ್ಯೂಟರಿನಲ್ಲಿ ಎಂಟ್ರಿ ಮಾಡೋರು ಸೋಮವಾರದ್ದೇ ಹೊತ್ತು ಹಾಕಿಬಿಡ್ತಾರೆ, ಅದೊಂದು ತಿದ್ದಿಸಿ.